ಹಾರನ್ ಊದಿದ ಮೇಲೆ

ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷ ಲೆಡ್ಜರ್ ಬರೆದು ಸ್ವಯಂನಿವೃತ್ತಿ ಪಡೆದವನಿಗೆ ನೀರಿನ ಮೇಲೂ ಅದೇ ಕೆಲಸ ಸಿಕ್ಕಿದೆ. ಗೋವಾದ ದೋನಾ ಪಾವ್ಲಾದಲ್ಲಿ ಹಾಯಿದೋಣಿ ಪಂದ್ಯವಿದ್ದ ದಿನ ಕಮಿಟಿಯ ದೋಣಿಯಲ್ಲಿ ಕುಳಿತು, ಮುಕ್ತಾಯದ ಗೆರೆ ದಾಟುವವರ ನಂಬರನ್ನೂ ಸಮಯವನ್ನೂ ಬರೆದುಕೊಳ್ಳುತ್ತೇನೆ. ಸಂಬಳವಿಲ್ಲ, ಭಾಜಿ-ಪಾವ್ ಉಂಟು. ಮಗಳನ್ನು ಕರೆತರುವ ಅಪ್ಪ ದಡದಲ್ಲಿ ಸುಮ್ಮನೆ ಕುಳಿತಿರುತ್ತಾನೆಂದು ಯಾರೋ ಕೈಗೆ ಪೆನ್ಸಿಲ್ ಕೊಟ್ಟರು. ಪೆನ್ ಯಾಕೆ ಕೊಡಲಿಲ್ಲವೆಂಬುದು ಮೊದಲ ದಿನವೇ ಗೊತ್ತಾಯಿತು. ಒಂದು ಕಾರಣ ಉಪ್ಪುನೀರು. ಇನ್ನೊಂದು, ಇಲ್ಲಿ ಬರೆದದ್ದು ಅಳಿಸಿಹೋಗುತ್ತದೆ.

ಕಳೆದ ಭಾನುವಾರದ ಮೊದಲ ರೇಸಿನಲ್ಲಿ ಒಬ್ಬ ಹುಡುಗ ನಾಲ್ಕನೆಯವನಾಗಿ ಗೆರೆ ದಾಟಿದ. ಹಾರನ್ ಊದಿದೆವು, ಸಮಯ ಬರೆದೆ. ಗೆರೆಯ ಆಚೆ ಹೋದವನು ಗಿರಗಿರನೆ ಎರಡು ಸುತ್ತು ತಿರುಗಿದ. ಗೆರೆಗೆ ಹತ್ತು ಮಾರು ಇರುವಾಗ ಮೊದಲು ಹೋಗುವ ಹಕ್ಕಿದ್ದ ದೋಣಿಗೆ ಅಡ್ಡ ಬಂದಿದ್ದನಂತೆ. ಅದಕ್ಕೆ ದಂಡ ಎರಡು ಸುತ್ತು, ಪ್ರತಿ ಸುತ್ತಿನಲ್ಲೂ ಒಂದು ಟ್ಯಾಕ್ (ಗಾಳಿ ಬರುವ ದಿಕ್ಕಿಗೆ ಮೂತಿ ಹಾಯಿಸಿ ತಿರುಗುವುದು), ಒಂದು ಜೈಬ್ (ಹಿಂಬದಿ ಹಾಯಿಸಿ ತಿರುಗುವುದು). ಆಮೇಲೆ ಇಡೀ ದೋಣಿಯನ್ನು ಗೆರೆಯ ಈಚೆ ತಂದು ಮತ್ತೆ ದಾಟಿದ. ಒಂಬತ್ತನೆಯವನಾದ. ಮೊದಲು ಬರೆದ ಸಮಯವನ್ನು ಹೊಡೆದುಹಾಕಿದೆ. ದಾಟಿದ ಮೇಲೆ ದಂಡದ ಸುತ್ತು ಹಾಕಿದರೆ ಮೊದಲಿನ ದಾಟುವಿಕೆ ಮುಕ್ತಾಯವೇ ಅಲ್ಲ. ಇಂಥ ರಿವರ್ಸಲ್ ಎಂಟ್ರಿ ಬ್ಯಾಂಕಿನಲ್ಲಿ ಮಾಡಬೇಕಾದರೆ ಮ್ಯಾನೇಜರ್ ಸಹಿ ಬೇಕಿತ್ತು.

ಹಾರನ್ ಊದಿದರೆ ರೇಸ್ ಮುಗಿಯಿತೆಂದು ಮಕ್ಕಳೆಲ್ಲ ನಂಬಿದ್ದಾರೆ. ಹಾರನ್ ನಾವು ಮರ್ಯಾದೆಗೆ ಊದುವುದು. ದೋಣಿಯ ಮೈಯ ಯಾವುದೇ ಭಾಗ ಗೆರೆ ಮುಟ್ಟಿ ದಾಟಿದರೆ ಮುಕ್ತಾಯವಾಗುತ್ತದೆ, ನಿಜ. ಆದರೆ ಗೆರೆಯಿಂದಲೂ ಅದರ ತುದಿಗಳನ್ನು ತೋರಿಸುವ ಮಾರ್ಕ್‌ಗಳಿಂದಲೂ ಪೂರ್ತಿ ಬಿಡಿಸಿಕೊಳ್ಳುವವರೆಗೆ ಆ ದೋಣಿ ಇನ್ನೂ ರೇಸಿನಲ್ಲೇ ಇದೆ.

ಎರಡನೆಯ ರೇಸಿನಲ್ಲಿ ಮೂರನೆಯವಳಾಗಿ ಬಂದವಳು ನನ್ನ ಮಗಳು. ಮೂತಿ ಗೆರೆ ದಾಟಿತು, ಹಾರನ್ ಕೇಳಿತು, ಖುಷಿಗೆ ಹಾಯಿಯ ಹಗ್ಗ ಸಡಿಲ ಬಿಟ್ಟಳು. ಗಾಳಿ ಬಿದ್ದಿತ್ತು, ಜುವಾರಿ ನದಿಗೆ ಉಬ್ಬರ ಏರುತ್ತಿತ್ತು. ನೀರು ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ತಂದು ಗೆರೆಯ ಆ ತುದಿಯ ಕಿತ್ತಳೆ ಮಾರ್ಕ್‌ಗೆ ಒರಗಿಸಿತು. ಬೆಕ್ಕು ಬಾಗಿಲಿಗೆ ಮೈ ಉಜ್ಜಿದಷ್ಟೇ. ಮಾರ್ಕ್ ಮುಟ್ಟಬಾರದೆನ್ನುವ ಮೂವತ್ತೊಂದನೆಯ ನಿಯಮಕ್ಕೆ ಅಷ್ಟು ಸಾಕು. ಅಲ್ಲೇ ಒಂದು ಸುತ್ತು ತಿರುಗಿ, ಈಚೆ ಬಂದು, ಮತ್ತೆ ದಾಟಿದ್ದರೆ ಐದನೆಯವಳೋ ಆರನೆಯವಳೋ ಆಗುತ್ತಿದ್ದಳು. ಅವಳು ಹಗ್ಗ ಎಳೆದುಕೊಂಡು ಹೊರಟೇ ಹೋದಳು.

ಗೆರೆಯ ಮೇಲೆ ಕಣ್ಣಿಟ್ಟಿದ್ದವನು ನಾನೊಬ್ಬನೇ. ರೇಸ್ ಆಫೀಸರ್ ಹಾರನ್ನಿನ ಗ್ಯಾಸ್ ಡಬ್ಬಿ ಬದಲಿಸುತ್ತಿದ್ದರು. ಮುಟ್ಟಿದ್ದನ್ನು ಕಂಡ ಸ್ಪರ್ಧಿ ಯಾರಾದರೂ ತಡಮಾಡದೆ ‘ಪ್ರೊಟೆಸ್ಟ್’ ಎಂದು ಕೂಗಬೇಕಿತ್ತು. ಕೂಗಬೇಕಾದದ್ದು ಅದೇ ಶಬ್ದ, ‘ತಕರಾರಿದೆ’ ಎಂದರೆ ನಡೆಯುವುದಿಲ್ಲ. ಆರು ಮೀಟರ್ ಅಥವಾ ಅದಕ್ಕಿಂತ ಉದ್ದದ ದೋಣಿಯಾದರೆ ಕೆಂಪು ಬಾವುಟವೂ ಬೇಕು. ಇವರ ದೋಣಿಗಳು ನಾಲ್ಕು ಮೀಟರಿಗೆ ತುಸು ಹೆಚ್ಚು, ಬಾಯಿ ಸಾಕು. ಯಾರೂ ಕೂಗಲಿಲ್ಲ.

ದಡಕ್ಕೆ ಬಂದು ಆಫೀಸರಿಗೆ ಹೇಳಿದೆ. ಅವರು ನಕ್ಕರು. ಕಮಿಟಿ ತಾನೇ ಪ್ರೊಟೆಸ್ಟ್ ಹೂಡಬಹುದು, ಆದರೆ ಹಿತಾಸಕ್ತಿ ಇರುವವರು ಕೊಟ್ಟ ವರದಿಯ ಮೇಲೆ ಹೂಡುವಂತಿಲ್ಲ. ಅಪ್ಪನಿಗಿಂತ ದೊಡ್ಡ ಹಿತಾಸಕ್ತಿ ಯಾರದು? ಮಗಳ ಪರವಾಗಿ ಸುಳ್ಳು ಹೇಳಿಯಾನು ಎಂಬ ಅನುಮಾನ ನನಗೆ ಅರ್ಥವಾಗುತ್ತದೆ. ಅವಳ ವಿರುದ್ಧ ಹೇಳುವ ನಿಜಕ್ಕೂ ಬೆಲೆಯಿಲ್ಲವೆಂದು ಗೊತ್ತಿರಲಿಲ್ಲ. ವಿಚಾರಣೆ ನಡೆಸದೆ ಅನರ್ಹಗೊಳಿಸುವಂತೆಯೂ ಇಲ್ಲ. ಮೂರನೆಯ ಸ್ಥಾನ ಗಟ್ಟಿ. ಮುಚ್ಚುಮರೆ ಯಾಕೆ, ಆ ನಿಯಮ ಕೇಳಿ ನನಗೆ ಸಮಾಧಾನವೇ ಆಯಿತು.

ದೋಣಿ ತೊಳೆಯುತ್ತಿದ್ದ ಮಗಳು ತಾನಾಗಿ ಕೇಳಿದಳು: “ಅಪ್ಪ, ನಾನು ಮಾರ್ಕ್ ಮುಟ್ಟಿದ್ದು ನಿನಗೆ ಕಂಡಿತಾ?”

“ಕಂಡಿತು.”

“ಹಾರನ್ ಆದಮೇಲೆ ಮುಟ್ಟಿದರೂ ಲೆಕ್ಕವಾ?”

ಹೌದೆಂದೆ, ಯಾಕೆಂದೂ ಹೇಳಿದೆ. ಈಗ ಸುತ್ತು ಹಾಕಲು ಬರುವುದಿಲ್ಲ. ಆ ರೇಸಿನಿಂದ ನಿವೃತ್ತಿ ಬರೆದುಕೊಡಬಹುದು. ಬರೆದರೆ, ಸರಣಿಗೆ ಹೆಸರು ಕೊಟ್ಟ ದೋಣಿಗಳೆಷ್ಟೋ ಅದಕ್ಕೊಂದು ಹೆಚ್ಚು ಅಂಕ, ಮತ್ತು ಇಲ್ಲಿ ಅಂಕ ಕಡಿಮೆಯಿದ್ದವರೇ ಗೆಲ್ಲುವುದು. ಅತಿ ಕೆಟ್ಟ ಒಂದು ಅಂಕವನ್ನು ಕೈಬಿಡುವ ಸೌಲಭ್ಯವಿದೆ. ಆದರೆ ಬೆಳಿಗ್ಗೆ ಆರಂಭಕ್ಕೆ ಮುಂಚೆಯೇ ಗೆರೆ ದಾಟಿ, ಹಿಂದೆ ಬಾರದೆ, ಅದನ್ನಾಗಲೇ ಖರ್ಚು ಮಾಡಿಕೊಂಡಿದ್ದಳು. ನಾನು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ಗೊತ್ತಿತ್ತು. ಬಕೆಟ್ ಕೆಳಗಿಟ್ಟು, ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ಆಫೀಸಿನ ಕಡೆ ನಡೆದಳು. ಐದು ನಿಮಿಷಕ್ಕೆ ಹೊರಬಂದು ಉಳಿದರ್ಧ ದೋಣಿ ತೊಳೆದಳು.

ಪಣಜಿಗೆ ವಾಪಸು ಬರುವಾಗ ಮಿರಾಮಾರ್ ಹತ್ತಿರ ಅವಳ ಆಯಿಯ ಫೋನ್ ಬಂತು. ಎರಡನೆಯ ರೇಸಿನಲ್ಲಿ ಎಷ್ಟೆಂದು ಕೇಳಿದಳು.

“ಹದಿನೈದು,” ಎಂದಳು ಮಗಳು.

“ಇರುವುದೇ ಹದಿನಾಲ್ಕು ದೋಣಿ ಎಂದಿದ್ದೆಯಲ್ಲೇ?”

ಮಗಳು ಫೋನನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದಳು. ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ.