ಚಾಲೆಂಜರ್ ಹೊಟ್ಟೆಯಲ್ಲಿ ಇನ್ಸಾಟ್-1ಬಿ: ಮಾದರಿ ಎಲ್ಲಿಗೆ ಬಂತು

ಈ ವಾರ ಉಪಗ್ರಹ ಮುಗಿಯಿತು. ಬರೀ ಮೂರು ಸೆಂಟಿಮೀಟರ್ ಎತ್ತರದ ಡಬ್ಬಿ. ಅದಕ್ಕೇ ಹನ್ನೊಂದು ಸಂಜೆ ಹಿಡಿಯಿತು.

ಹೊಸಬರಿಗೆ ಒಂದು ಮಾತು. ನಾನು ಕಟ್ಟುತ್ತಿರುವುದು ಎಸ್‌ಟಿಎಸ್-8 ಯಾನದ ಮಾದರಿ, 1:72 ಅಳತೆಯಲ್ಲಿ. 1983ರ ಆಗಸ್ಟ್ 30ರಂದು ಅಮೆರಿಕದ ಬಾಹ್ಯಾಕಾಶ ಷಟಲ್ ಚಾಲೆಂಜರ್ ಐದು ಜನರನ್ನು ಹೊತ್ತು ಹೊರಟಾಗ ಫ್ಲೋರಿಡಾದಲ್ಲಿ ರಾತ್ರಿ ಎರಡೂವರೆ ಗಂಟೆ. ಷಟಲ್ ಕತ್ತಲಲ್ಲಿ ಹಾರಿದ್ದು ಅದೇ ಮೊದಲು. ಆ ಹೊತ್ತು ನಿಗದಿಯಾಗಿದ್ದು ನಮ್ಮ ದೇಶದ ಉಪಗ್ರಹ ಇನ್ಸಾಟ್-1ಬಿಗೋಸ್ಕರ. ಅದರ ನಿಯಂತ್ರಣ ಕೇಂದ್ರವಿದ್ದ ಹಾಸನದಲ್ಲಿ ಆಗ ಮಧ್ಯಾಹ್ನ, ಹನ್ನೆರಡು ದಾಟಿತ್ತು. ಉಪಗ್ರಹ ಹೊರಬಿದ್ದಿದ್ದು ಮರುದಿನ. ನನ್ನ ಮಾದರಿ ನಿಲ್ಲಬೇಕಾದ್ದು ಆ ಕ್ಷಣದಲ್ಲೇ.

ಮೊದಲು ಸೌರ ಫಲಕ ಬಿಚ್ಚಿ ತೋರಿಸೋಣ ಅಂದುಕೊಂಡಿದ್ದೆ, ನೋಡಲು ಚೆಂದ ಅಲ್ವಾ. ಅಳತೆ ಹಾಕಿದಾಗ ಗೊತ್ತಾಯಿತು. ಪೂರ್ತಿ ಬಿಚ್ಚಿದರೆ ಉಪಗ್ರಹ ಸುಮಾರು 19 ಮೀಟರ್. ಷಟಲ್‌ನ ಸರಕು ಕೋಣೆಯೇ 18 ಮೀಟರ್ ಚಿಲ್ಲರೆ! ಹಾಗಾಗಿ ಮಡಚಿಯೇ ಇಟ್ಟೆ. ಫಲಕ ಇರುವುದು ಒಂದೇ ಕಡೆ. ಹವಾಮಾನ ಕ್ಯಾಮೆರಾದ ಶಾಖ ಹೊರಹೋಗಲು ಇನ್ನೊಂದು ಬದಿ ತಣ್ಣನೆಯ ಆಕಾಶಕ್ಕೆ ತೆರೆದಿರಬೇಕಿತ್ತು. ಒಂದೇ ಕಡೆ ಫಲಕ ಇದ್ದರೆ ಬಿಸಿಲಿನ ಒತ್ತಡಕ್ಕೆ ಉಪಗ್ರಹ ವಾಲುತ್ತದೆ. ಅದನ್ನು ಸರಿದೂಗಿಸಲು ಆಚೆ ಬದಿ ಉದ್ದನೆಯ ಕೋಲಿನ ತುದಿಗೆ ಒಂದು ಹಾಯಿ. ಹಿಂದಿನ ವರ್ಷ ಇನ್ಸಾಟ್-1ಎಯಲ್ಲಿ ಆ ಹಾಯಿಯೇ ಬಿಚ್ಚಿಕೊಂಡಿರಲಿಲ್ಲ. ಆ ಉಪಗ್ರಹ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು.

ಕೆಳಗಿನ ತಿರುಗುಮಣೆ ಮಾತ್ರ ನನಗೆ ತುಂಬ ಖುಷಿ ಕೊಟ್ಟಿತು. ನಿಜವಾದ ತೊಟ್ಟಿಲಿನಲ್ಲಿ ಉಪಗ್ರಹವನ್ನೂ ಅದನ್ನು ಮೇಲಿನ ಕಕ್ಷೆಯತ್ತ ಒಯ್ಯುವ ಪ್ಯಾಮ್-ಡಿ ರಾಕೆಟ್ಟನ್ನೂ ಬುಗುರಿಯ ಹಾಗೆ ತಿರುಗಿಸಿ, ಸ್ಪ್ರಿಂಗ್‌ನಿಂದ ಮೆಲ್ಲಗೆ ಹೊರಕ್ಕೆ ತಳ್ಳುತ್ತಿದ್ದರು. ತಿರುಗುತ್ತಿದ್ದರೆ ದಿಕ್ಕು ತಪ್ಪುವುದಿಲ್ಲ. ಷಟಲ್ ದೂರ ಸರಿದ ಮೇಲೆ, ಸುಮಾರು 40 ನಿಮಿಷ ಬಿಟ್ಟು, ಪ್ಯಾಮ್-ಡಿ ಉರಿಯಿತು. ನಾನು ಹಳೇ ಆಟಿಕೆ ಕಾರಿನ ಬೇರಿಂಗ್ ಹಾಕಿದ್ದೇನೆ. ಬೆರಳಲ್ಲಿ ತಟ್ಟಿದರೆ ಸದ್ದಿಲ್ಲದೆ ಆರೇಳು ಸುತ್ತು ತಿರುಗುತ್ತದೆ. ಚಿನ್ನದ ಬಣ್ಣದ ಹೊದಿಕೆಗೆ ಚಾಕೊಲೇಟ್ ಹಾಳೆ. ಮೊದಲನೆಯದು ಅಂಟು ಜಾಸ್ತಿಯಾಗಿ ಸುಕ್ಕಾಯಿತು, ಕಿತ್ತು ಮತ್ತೆ ಹಾಕಿದೆ.

ಷಟಲ್ ಸಿಬ್ಬಂದಿ ಕೋಣೆಯ ಕೆಳ ಅಂತಸ್ತಿನಲ್ಲಿ ಆರು ಇಲಿಗಳ ಪಂಜರ, ಜೀವಕೋಶ ಬೇರ್ಪಡಿಸುವ ಯಂತ್ರ. ವಿದ್ಯುತ್ ಹರಿಸಿ ಕೋಶಗಳನ್ನು ಬೇರೆ ಬೇರೆ ಮಾಡುವ ವಿಧಾನ ಅದು. ಭೂಮಿಯ ಮೇಲೆ ಭಾರದ್ದು ತಳಕ್ಕಿಳಿದು ಎಲ್ಲ ಕಲಸಿಹೋಗುತ್ತದೆ, ತೂಕವೇ ಇಲ್ಲದ ಕಕ್ಷೆಯಲ್ಲಿ ಹಾಗಾಗುವುದಿಲ್ಲ. ಮುಚ್ಚಿದ ಮೇಲೆ ಇವು ಕಾಣುವುದಿಲ್ಲ. ಆದರೂ ಬಿಡಲು ಮನಸ್ಸಾಗದೆ ಎರಡು ಪುಟ್ಟ ಡಬ್ಬಿ ಕತ್ತರಿಸಿ ಒಳಗಿಟ್ಟೆ.

ಇನ್ಸಾಟ್-1ಬಿಯ ಫಲಕವೂ ಸುಲಭವಾಗಿ ಬಿಚ್ಚಿಕೊಳ್ಳಲಿಲ್ಲ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಸೆಪ್ಟೆಂಬರ್‌ನಲ್ಲಿ ದಿನಗಟ್ಟಲೆ ಒದ್ದಾಡಿದ ಮೇಲೆ ಬಿಚ್ಚಿತು. ಅಷ್ಟರಲ್ಲಿ ಚಾಲೆಂಜರ್ ಭೂಮಿಗೆ ಇಳಿದಾಗಿತ್ತು. ಆಮೇಲೆ ನಮ್ಮ ಟಿವಿಗೆ ಚಿತ್ರ, ಫೋನಿಗೆ ದಾರಿ, ಮೋಡಗಳ ಪಟ ಎಲ್ಲ ಅದರಿಂದಲೇ ಬಂದವು. ಅದಕ್ಕೇ ಬಿಚ್ಚಿದ ಸ್ಥಿತಿಯ ಎರಡನೇ ಉಪಗ್ರಹ ಬೇರೆಯಾಗಿಯೇ ಮಾಡುತ್ತೇನೆ. 27 ಸೆಂಟಿಮೀಟರ್ ಆಗುತ್ತದೆ. ಷಟಲ್‌ನ ಪಕ್ಕದಲ್ಲಿ ಅಲ್ಲ, ಹಾಸನದ ಒಂದು ಡಿಶ್ ಆಂಟೆನಾದ ಮೇಲ್ಗಡೆ ತೂಗುಹಾಕುತ್ತೇನೆ.

ಅದಕ್ಕಿಂತ ಮುಂಚೆ ಷಟಲ್ಲಿನ ರೋಬೋಟ್ ಕೈ ಆಗಬೇಕು. ಭಾರ ಎತ್ತುವ ಪರೀಕ್ಷೆಗೆ ಅದು ಹಿಡಿದಿದ್ದ, ಡಂಬೆಲ್ ಆಕಾರದ 6 ಮೀಟರ್ ಉದ್ದದ ತೂಕವನ್ನು ತೆಳು ಅಲ್ಯೂಮಿನಿಯಂ ಕೊಳವೆಯಲ್ಲಿ ಮಾಡುತ್ತಿದ್ದೇನೆ. ಮೊಣಕೈ ಕೀಲಿಗೆ ಒಂದು ಮಿಲಿಮೀಟರ್ ಹಿತ್ತಾಳೆ ತಂತಿ ಸಾಕಾಗುತ್ತಿಲ್ಲ, ಭಾರಕ್ಕೆ ಬಾಗುತ್ತಿದೆ. ಶನಿವಾರ ಉಕ್ಕಿನ ತಂತಿ ತರುತ್ತೇನೆ.