ತಾರಸಿ ಆಂಟೆನಾ ಲಾಗ್: ಇಳಿಯುವ ಎರಡು ವಿಮಾನಗಳ ನಡುವೆ ಎಷ್ಟು ಜಾಗ?

ಜನವರಿ, ಎರಡನೇ ವಾರ

ನಮ್ಮ ಮನೆ ರಾಜಾನುಕುಂಟೆ ಹತ್ತಿರ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಅಲ್ವಾ? ಹಾಗಾಗಿ ಈ ತಿಂಗಳುಗಳಲ್ಲಿ ಕೆಂಪೇಗೌಡ ನಿಲ್ದಾಣಕ್ಕೆ ಬರುವ ವಿಮಾನಗಳು ಹೆಚ್ಚಾಗಿ ನಮ್ಮ ಕಡೆಯಿಂದಲೇ ಇಳಿಯುತ್ತವೆ. ಸಂಜೆ ತಾರಸಿ ಹತ್ತಿದರೆ ಮೂರು ನಾಲ್ಕು ದೀಪಗಳು ಪೋಣಿಸಿದ ಮಣಿಗಳ ಹಾಗೆ ಸಾಲಾಗಿ ಬರುತ್ತಿರುತ್ತವೆ. ಆ ಮಣಿಗಳ ನಡುವಿನ ಅಂತರವನ್ನು ಅಳೆಯಬೇಕು ಅಂತ ಶುರುವಾದ ಕೆಲಸ ಇದು.

ವಿಮಾನಗಳು ತಾವು ಎಲ್ಲಿದ್ದೇವೆ ಅನ್ನುವುದನ್ನು 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಸಾರುತ್ತವೆ. ಇದಕ್ಕೆ ಎಡಿಎಸ್-ಬಿ ಅನ್ನುತ್ತಾರೆ. ಕೇಳಿಸಿಕೊಳ್ಳಲು ಒಂದು ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ), ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಸಾಕು. ಆಂಟೆನಾ ನಾನೇ ಮಾಡಿದೆ. ತಲಾ 69 ಮಿಲಿಮೀಟರ್‌ನ ಐದು ತಾಮ್ರದ ತಂತಿ, ಅಂದರೆ ಅಲೆಯ ಉದ್ದದ ಕಾಲು ಭಾಗ. ಒಂದು ನೆಟ್ಟಗೆ ಮೇಲಕ್ಕೆ, ನಾಲ್ಕು ಓರೆಯಾಗಿ ಕೆಳಕ್ಕೆ. ಪಿವಿಸಿ ಪೈಪಿಗೆ ಕಟ್ಟಿ ನೀರಿನ ಟ್ಯಾಂಕ್ ಪಕ್ಕ ನಿಲ್ಲಿಸಿದ್ದೇನೆ. ಕಿಟಕಿಯಲ್ಲಿ ಇಟ್ಟಾಗ 40 ಕಿಲೋಮೀಟರ್ ಸಿಗುತ್ತಿತ್ತು. ಈಗ 200 ದಾಟುತ್ತದೆ.

ಜನವರಿ, ಕೊನೆಯ ವಾರ

ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಮ್ ಒಂದು ಸಂಜೆ ಎರಡು ವಿಮಾನಗಳ ನಡುವೆ ಬರೀ 1.3 ನಾಟಿಕಲ್ ಮೈಲಿ ಅಂತ ತೋರಿಸಿತು (ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್; ಮುಂದೆ ಮೈಲಿ ಅಂದಲ್ಲೆಲ್ಲ ಇದೇ). ಎದೆ ಧಸಕ್ಕೆಂದಿತು. ಲಾಗ್ ತೆಗೆದು ನೋಡಿದರೆ, ಎರಡನೆಯ ವಿಮಾನ ಸಾವಿರಾರು ಅಡಿ ಮೇಲೆ, ಎದುರು ದಿಕ್ಕಿಗೆ ಹೋಗುತ್ತಿತ್ತು. ಅದು ಸುತ್ತು ಹಾಕಿ ಸಾಲಿಗೆ ಸೇರಬೇಕಾಗಿದ್ದ ವಿಮಾನ. ನಾನು ನೆಲದ ಮೇಲಿನ ದೂರವನ್ನು ಮಾತ್ರ ಲೆಕ್ಕ ಹಾಕಿದ್ದೆ. ಈಗ ರನ್‌ವೇ ದಿಕ್ಕಿಗೆ ಮುಖ ಮಾಡಿ, ಅದರ ನೇರದಲ್ಲೇ ಇರುವ ವಿಮಾನಗಳನ್ನು ಮಾತ್ರ ಜೋಡಿ ಮಾಡುತ್ತೇನೆ. ಆಮೇಲೆ ಅಂಥ ಅಂಕಿ ಬಂದಿಲ್ಲ.

ಅಂತರ ಯಾಕೆ ಬೇಕು ಅನ್ನುವುದಕ್ಕೆ ರನ್‌ವೇ ಖಾಲಿಯಾಗಬೇಕು ಅನ್ನುವುದು ಒಂದು ಕಾರಣ ಮಾತ್ರ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ. ರೆಕ್ಕೆಯ ತುದಿಗಳಿಂದ ಸುಳಿಗಾಳಿ ಹುಟ್ಟಿ ಹಿಂದೆ ನಿಧಾನವಾಗಿ ಕೆಳಗಿಳಿಯುತ್ತದೆ. ವಿಮಾನ ಭಾರ ಇದ್ದಷ್ಟೂ ಸುಳಿ ಜೋರು. ಅದರೊಳಗೆ ಸಿಕ್ಕ ಚಿಕ್ಕ ವಿಮಾನ ಪಕ್ಕಕ್ಕೆ ಮಗುಚಿಕೊಳ್ಳಬಹುದು. ಅದಕ್ಕೇ ಅಂತರರಾಷ್ಟ್ರೀಯ ನಿಯಮದಲ್ಲಿ 136 ಟನ್ ಅಥವಾ ಅದಕ್ಕಿಂತ ಜಾಸ್ತಿ ತೂಕದ್ದು 'ಹೆವಿ'. ಅದರ ಹಿಂದೆ ಎ320ಯಂಥ 'ಮೀಡಿಯಂ' ಬಂದರೆ 5 ಮೈಲಿ ಬಿಡಬೇಕು. ಎರಡು ಅಂತಸ್ತಿನ ದೈತ್ಯ ಎ380 ಹಿಂದೆ ಆದರೆ 7. ಎರಡೂ ಎ320 ಆದರೆ ಸುಳಿಯ ಲೆಕ್ಕ ಇಲ್ಲ, ರಾಡಾರ್‌ನ ಕನಿಷ್ಠ ಅಂತರ ಸಾಕು. ನಿಲ್ದಾಣದ ಸುತ್ತ ಅದು ಸಾಮಾನ್ಯವಾಗಿ 3 ಮೈಲಿ.

ಬೆಂಗಳೂರಿಗೆ ಎಮಿರೇಟ್ಸ್‌ನ ಎ380 ಬರಲು ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ. ಅದು ಇಳಿಯುವುದನ್ನು ನೋಡಲೆಂದೇ ಒಂದು ದಿನ ನಡುರಾತ್ರಿ ದಾಟುವವರೆಗೂ ಕೂತಿದ್ದೆ. ಹಿಂದೆ ಬಂದ ಎ320 ಎಂಟು ಮೈಲಿಗಿಂತ ದೂರದಲ್ಲಿತ್ತು. ಅಷ್ಟು ಹೊತ್ತು ಆಕಾಶದಲ್ಲಿ ಒಂದೂ ದೀಪ ಇಲ್ಲ. ಖಾಲಿ ಕಾಣುವ ಆ ಜಾಗವನ್ನು ಯಾರೋ ಒಬ್ಬರು ಕಾಯುತ್ತಿದ್ದರು ಅಂತ ಯೋಚಿಸಿದಾಗ ಮೈ ಜುಮ್ಮೆಂದಿತು.

ಫೆಬ್ರವರಿ, ಮೊದಲ ವಾರ

ಈ ವಾರ ಸಿಕ್ಕಿದ್ದೇ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಇಷ್ಟವಾದ ವಿಷಯ. ಒಂದೇ ಜೋಡಿಯ ಅಂತರವನ್ನು ಹೊತ್ತಿಗೆ ತಕ್ಕಂತೆ ಗ್ರಾಫ್ ಮಾಡಿದೆ. ಗೆರೆ ಸಮ ಇರಲಿಲ್ಲ, ಇಳಿಯುತ್ತಾ ಹೋಯಿತು. ಜೋಡಿಯಲ್ಲಿ ಮುಂದಿರುವ ವಿಮಾನ ರನ್‌ವೇಯಿಂದ 12 ಮೈಲಿ ದೂರ ಇದ್ದಾಗ ಅಂತರ 5.2. ಅದು ರನ್‌ವೇ ಮುಟ್ಟುವಾಗ 3.9.

ಕಾರಣ ಸರಳ. ಮುಂದಿರುವುದು ಮೊದಲು ನಿಧಾನ ಆಗುತ್ತದೆ. ಅದು 140 ನಾಟ್‌ಗೆ (ಅಂದರೆ ಗಂಟೆಗೆ 140 ನಾಟಿಕಲ್ ಮೈಲಿಗೆ) ಇಳಿದಾಗ ಹಿಂದಿನದು ಇನ್ನೂ 180ರಲ್ಲಿ ಬರುತ್ತಿರುತ್ತದೆ. ಯಾರೂ ತಪ್ಪು ಮಾಡದಿದ್ದರೂ ಅಂತರ ಕರಗುತ್ತದೆ. ಅಂದರೆ ಕೊನೆಯಲ್ಲಿ 3 ಬೇಕಿದ್ದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ದೂರದಲ್ಲೇ ನಾಲ್ಕೂವರೆ, ಐದು ಇಟ್ಟಿರಬೇಕು. ಆಮೇಲೆ '4 ಮೈಲಿವರೆಗೆ 160 ನಾಟ್' ಅಂತ ಪ್ರತಿ ವಿಮಾನಕ್ಕೂ ಒಂದೇ ವೇಗ ಕೊಡುತ್ತಾ ಹೋದರೆ ಕರಗುವುದು ಕಡಿಮೆ. ಜಾಸ್ತಿ ಬಿಟ್ಟರೆ ಹಿಂದಿನವರೆಲ್ಲ ಸುತ್ತು ಹಾಕಬೇಕು. ಕಡಿಮೆ ಆದರೆ ಒಬ್ಬರು ಇಳಿಯದೆ ಮೇಲೇರಿ ಮತ್ತೆ ಸಾಲಿಗೆ ಬರಬೇಕು. ಈ ತೂಗಾಟ ದಿನವಿಡೀ ನಡೆಯುತ್ತದೆ.

ಗಾಳಿಯೂ ಸೇರಿಕೊಳ್ಳುತ್ತದೆ. 140 ನಾಟ್‌ನಲ್ಲಿ 3 ಮೈಲಿಗೆ 77 ಸೆಕೆಂಡ್. ಎದುರುಗಾಳಿ 15 ನಾಟ್ ಇದ್ದರೆ ಅದೇ ದೂರಕ್ಕೆ 86. ಒಂದೊಂದು ಲ್ಯಾಂಡಿಂಗ್‌ಗೂ ಒಂಬತ್ತು ಸೆಕೆಂಡ್ ಹೋಯಿತು. ಇದಕ್ಕೇ ಲಂಡನ್‌ನ ಹೀಥ್ರೂನಲ್ಲಿ 2015ರಿಂದ ಅಂತರವನ್ನು ಮೈಲಿಯ ಬದಲು ಸಮಯದಲ್ಲಿ ಲೆಕ್ಕ ಹಾಕುತ್ತಾರೆ. ನನ್ನ ಗ್ರಾಫಿಗೂ ಸೆಕೆಂಡಿನ ಗೆರೆ ಸೇರಿಸಿದೆ.

ಬಾಕಿ ಇರುವುದು: ಎತ್ತರದ ಅಂಕಿಗೆ ಆ ದಿನದ ಗಾಳಿಯೊತ್ತಡದ ತಿದ್ದುಪಡಿ. ಆಮೇಲೆ ಜೂನ್. ಗಾಳಿ ಪಶ್ಚಿಮಕ್ಕೆ ತಿರುಗಿದಾಗ ವಿಮಾನಗಳು ಸೂಲಿಬೆಲೆ ಕಡೆಯಿಂದ ಇಳಿಯುತ್ತವೆ. ಅಷ್ಟು ತಗ್ಗಿನಲ್ಲಿ ಇರುವವು ನನ್ನ ಆಂಟೆನಾಗೆ ಸಿಗುವುದಿಲ್ಲ. ಅಲ್ಲಿ ನಮ್ಮ ಚಿಕ್ಕಪ್ಪನ ಮನೆ ಇದೆ. ತಾರಸಿ ಕೇಳಿದ್ದೇನೆ, ಕೊಡ್ತೀನಿ ಅಂದಿದ್ದಾರೆ. ಎರಡನೇ ಆಂಟೆನಾಗೆ ತಂತಿ ಕತ್ತರಿಸಿ ಇಟ್ಟಿದ್ದೇನೆ.