ಪೆರ್ಮರಿಗೆ ಈಗ ಎರಡು ಕ್ಯೂ

ಮಂಗಳೂರಿನ ಹೊರವಲಯದ ಆ ವಾಟರ್ ಪಾರ್ಕಿಗೆ ನಾನು ಮೊದಲು ಹೋದದ್ದು ಪಿಯುಸಿಯಲ್ಲಿ. ಆಮೇಲೆ ಎಷ್ಟು ಸಲವೋ ಲೆಕ್ಕ ಇಲ್ಲ. ಹೆಸರು ಹೇಳುವುದಿಲ್ಲ, ಸುಮ್ನೆ ತಂಟೆ ಬೇಡ. ಈ ಮೇ ತಿಂಗಳಲ್ಲಿ ಮಗಳನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಉಡುಪಿಯಿಂದ ಹೋಗಿ ಬಂದೆ. ರಜೆಯಲ್ಲಿ ಇಂಥ ಯಾವುದೇ ಪಾರ್ಕಿಗೆ ಹೊರಟವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ದಾರಿ ಸುಲಭ. ಹೆದ್ದಾರಿ 66ರಲ್ಲಿ ಕಾಪು, ಪಡುಬಿದ್ರಿ, ಮೂಲ್ಕಿ ದಾಟಬೇಕು. ಸುರತ್ಕಲ್ ಟೋಲ್ 2022ರ ಡಿಸೆಂಬರಿನಲ್ಲಿ ಹೋಯಿತು, ಹೆಜಮಾಡಿಯದ್ದು ಉಂಟು. ಬಸ್ಸಲ್ಲಿ ಹೋಗುವವರು ಎಕ್ಸ್‌ಪ್ರೆಸ್ ಹತ್ತುವ ಮೊದಲು ನಿಮ್ಮ ಸ್ಟಾಪ್ ಕೊಡ್ತಾರಾ ಅಂತ ಕಂಡಕ್ಟರನ್ನು ಕೇಳಿ. ಇಲ್ಲದಿದ್ದರೆ ಮಂಗಳೂರು ಮುಟ್ಟಿ ಸರ್ವಿಸ್ ಬಸ್ಸಲ್ಲಿ ವಾಪಸ್ ಬರಬೇಕು.

ಹೊರಡುವ ಹೊತ್ತು ಮುಖ್ಯ. ಗೇಟು ತೆರೆಯುವಾಗಲೇ ಅಲ್ಲಿರಿ. ನಮ್ಮ ಕಡೆ ಮೇ ಅರ್ಧ ದಾಟಿದ ಮೇಲೆ ಸಂಜೆ ನಾಲ್ಕಕ್ಕೆಲ್ಲ ಗುಡುಗು ಶುರುವಾಗುತ್ತದೆ. ಗುಡುಗಿದರೆ ರೈಡ್ ಬಂದ್. ಅದು ಸರಿಯೇ, ನೀರಲ್ಲಿ ಮಕ್ಕಳಿರುವಾಗ ಸಿಡಿಲಿನ ಜೊತೆ ಆಟ ಬೇಡ. ಆದರೆ ದುಡ್ಡು ವಾಪಸ್ ಇಲ್ಲ, ಇನ್ನೊಂದು ದಿನ ಬರಲಿಕ್ಕೂ ಬಿಡುವುದಿಲ್ಲ. ಕೇಳಿದರೆ ಕೌಂಟರಿನ ಹುಡುಗಿ "ಸಿಸ್ಟಮ್ ತೆಗೊಳ್ಳುವುದಿಲ್ಲ ಸರ್" ಅಂದಳು. ಪಾಪ, ಅವಳೆಂತ ಮಾಡುವುದು?

ಹಿಂದೆ ಪಾರ್ಕ್ ಊರಿನ ಒಂದು ಕುಟುಂಬದ್ದಾಗಿತ್ತು. ದಣಿಗಳೇ ಪಂಚೆ ಮೇಲೆ ಕಟ್ಟಿ, ಕೊರಳಿಗೆ ವಿಷಲ್ ಹಾಕಿಕೊಂಡು ಪೂಲಿನ ಬದಿಯಲ್ಲಿ ನಿಲ್ಲುತ್ತಿದ್ದರು. ಮಳೆ ಬಂದು ಆಟ ಕೆಟ್ಟರೆ ಟಿಕೆಟಿನ ಹಿಂದೆ ಸಹಿ ಹಾಕಿ "ಇನ್ನೊಂದು ದಿನ ಬನ್ನಿ ಮಕ್ಕಳೇ" ಅನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಒದ್ದೆ ಮೈಗೆ ಬಿಸಿ ಚಹಾ, ಗೋಳಿಬಜೆ. ದೊಡ್ಡ ಸ್ಲೈಡಿಗೆ ನಾವು ಇಟ್ಟ ಹೆಸರು ಪೆರ್ಮರಿ, ಅಂದರೆ ತುಳುವಿನಲ್ಲಿ ಹೆಬ್ಬಾವು. ಕೆಲವು ವರ್ಷಗಳ ಹಿಂದೆ ಹೊರಗಿನ ಕಂಪನಿಯೊಂದು ಪಾರ್ಕನ್ನು ಕೊಂಡಿತು. ಪೆರ್ಮರಿಗೆ ಬಾಯಿ ತಿರುಗದ ಇಂಗ್ಲಿಷ್ ಹೆಸರು ಬಂತು. ಗೋಳಿಬಜೆ ಹೋಗಿ ತಣ್ಣಗಿನ ಪಿಜ್ಜಾ ಬಂತು.

ಅದನ್ನೂ ಸಹಿಸಬಹುದಿತ್ತು. ಈಗ ಕ್ಯೂವನ್ನೇ ಮಾರುತ್ತಿದ್ದಾರೆ ಮಾರಾಯ್ರೆ! ಟಿಕೆಟಿನಷ್ಟೇ ದುಡ್ಡು ಇನ್ನೊಮ್ಮೆ ಕೊಟ್ಟರೆ ಕೈಗೆ ಕೆಂಪು ಪಟ್ಟಿ, ಬೇರೆ ಮೆಟ್ಟಿಲು. ನಾನು ನಿಂತಲ್ಲೇ ಎಣಿಸಿದೆ. ಆ ಕಡೆಯಿಂದ ಆರು ಜನ ಹೋದ ಮೇಲೆ ನಮ್ಮ ಕಡೆಯಿಂದ ಇಬ್ಬರು. ಅಕ್ಕನ ಮಗ ಕೇಳಿದ, "ಮಾಮ, ಅವರು ನಮ್ಮ ನಂತರ ಬಂದದ್ದಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ಲೋರಿಡಾದಲ್ಲಿರುವ ಭಾವನಿಗೆ ಫೋನಿನಲ್ಲಿ ಹೇಳಿದರೆ ಅವರು ನಕ್ಕರು. ಅಲ್ಲಿನ ಡಿಸ್ನಿ ಪಾರ್ಕಿನಲ್ಲಿ 1999ರಿಂದ ಪುಕ್ಕಟೆ ಇದ್ದ ಫಾಸ್ಟ್‌ಪಾಸ್ ನಿಂತು, 2021ರಲ್ಲಿ ದುಡ್ಡಿನ ಪಾಸ್ ಬಂತಂತೆ. ಅಲ್ಲಿಯ ಹಳೆ ಅಭಿಮಾನಿಗಳೂ ನಮ್ಮ ಹಾಗೆಯೇ ಗೊಣಗುತ್ತಾರಂತೆ.

ನನ್ನ ಸಲಹೆ ಕೇಳಿದರೆ, ಮಂಗಳವಾರ ಬುಧವಾರ ಹೋಗುವುದಾದರೆ ಆ ಪಟ್ಟಿ ಬೇಡವೇ ಬೇಡ. ಭಾನುವಾರವೇ ಹೋಗಬೇಕೆಂದಿದ್ದರೆ ದೊಡ್ಡ ಸ್ಲೈಡುಗಳನ್ನು ಮೊದಲ ಒಂದು ಗಂಟೆಯಲ್ಲಿ ಮುಗಿಸಿ. ವೇವ್ ಪೂಲನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಕ್ಯೂ ಇಲ್ಲ.

ಒಳಗೆ ನಗದು ನಡೆಯುವುದಿಲ್ಲ. ಕೈಪಟ್ಟಿಗೆ ದುಡ್ಡು ತುಂಬಿಸಬೇಕು. ಸ್ವಲ್ಪ ಸ್ವಲ್ಪವೇ ತುಂಬಿಸಿ. ಉಳಿದದ್ದನ್ನು ವಾಪಸ್ ಪಡೆಯಲು ಒಂದೇ ಕೌಂಟರ್, ಐದು ಗಂಟೆಗೆ ಜಾತ್ರೆ. ನಾನು ನೂರ ಹತ್ತು ರೂಪಾಯಿ ಬಿಟ್ಟು ಬಂದೆ. ಅವರ ಲೆಕ್ಕಾಚಾರವೂ ಅದೇ ಇರಬೇಕು.

ನೀರಿನ ಬಾಟಲಿ ಹೊರಗಿನಿಂದ ತರುವಂತಿಲ್ಲ. ಒಳಗಿನ ಅಂಗಡಿಯಲ್ಲಿ 20 ರೂಪಾಯಿ ಎಂಆರ್‌ಪಿಯ ಬಾಟಲಿಗೆ 50 ಕೇಳಿದರು. ಇಲ್ಲಿ ಸುಮ್ಮನಿರಬೇಡಿ. ಅಂಗಡಿಯಲ್ಲಿ ಸೀಲ್ ಮಾಡಿದ ಬಾಟಲಿಯನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರುವಂತಿಲ್ಲ. ಒಂದೇ ಸಾಮಾನಿಗೆ ಎರಡೆರಡು ಎಂಆರ್‌ಪಿ ಮುದ್ರಿಸುವುದಕ್ಕೂ 2018ರ ಜನವರಿಯಿಂದ ತಡೆ ಉಂಟು. ಕೂತು ತಿನ್ನುವ ಹೋಟೆಲಿನ ಲೆಕ್ಕ ಬೇರೆ, ಅವರಿಗೆ ಸುಪ್ರೀಂ ಕೋರ್ಟ್ 2017ರಲ್ಲಿ ಅವಕಾಶ ಕೊಟ್ಟಿದೆ. ನಾನು ಬಿಲ್ ಕೇಳಿದೆ. "ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಲಾ?" ಅಂದೆ. ಬಾಟಲಿ 20ಕ್ಕೆ ಬಂತು. ನನ್ನ ಹಿಂದೆ ನಿಂತವರಿಗೂ 20ಕ್ಕೇ ಕೊಟ್ಟರಾ, ನೋಡಲಿಲ್ಲ.

ಪಾರ್ಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಹಿಂದಿಯಲ್ಲಿ ಒಂದು ಒತ್ತಿ, ಎರಡು ಒತ್ತಿ ಅನ್ನುತ್ತದೆ. ಕಾಲೇಜಿನ ಹಳೆ ಗೆಳೆಯರು ಸೇರಿ ಕಂಪನಿಗೆ ಒಂದು ಮೇಲ್ ಬರೆದೆವು. ಮಳೆ ಬಂದರೆ ಇನ್ನೊಂದು ದಿನ ಬಿಡಿ, ಗೋಳಿಬಜೆ ವಾಪಸ್ ತನ್ನಿ ಅಂತ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ಉತ್ತರ ಬಂತು, ಜೊತೆಗೆ ಕೆಂಪು ಪಟ್ಟಿಗೆ ಹತ್ತು ಪರ್ಸೆಂಟ್ ಕೂಪನ್.

ಉಳಿದ ಚಿಲ್ಲರೆ ವಿಷಯ: ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನ್ ಬಟ್ಟೆ ಮನೆಯಿಂದಲೇ ಒಯ್ಯಿರಿ. ಟವೆಲೂ. ಬನ್ಸ್ ಕಟ್ಟಿಕೊಂಡು ಹೋಗಿ ಕಾರಿನಲ್ಲೇ ಇಡಿ, ಹೊರಗೆ ಬಂದ ತಕ್ಷಣ ಮಕ್ಕಳಿಗೆ ಬೇಕಾಗುತ್ತದೆ. ಮೋಡ ಇಲ್ಲದಿದ್ದರೆ ವಾಪಸ್ ಬರುವಾಗ ಪಡುಬಿದ್ರಿ ಬೀಚಿಗೆ ಇಳಿಯಬಹುದು. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಬೀಚ್ ಅದು.

ಇಷ್ಟೆಲ್ಲ ಬೈದೆ ನಿಜ. ಮಗಳು ಪೆರ್ಮರಿಯಲ್ಲಿ ಮೂರು ಸಲ ಜಾರಿದಳು, ನಾನು ಎರಡು ಸಲ. ನೀವು ಹೋದರೆ ಕೊನೆಯ ಮೆಟ್ಟಿಲಲ್ಲಿ ಒಮ್ಮೆ ಪಶ್ಚಿಮಕ್ಕೆ ತಿರುಗಿ ನಿಲ್ಲಿ. ತೆಂಗಿನ ತೋಟದ ಮೇಲೆ ಸಮುದ್ರದ ಒಂದು ಗೆರೆ ಕಾಣುತ್ತದೆ. ಅದು ಕೆಂಪು ಪಟ್ಟಿಯವರ ಮೆಟ್ಟಿಲಿಂದ ಕಾಣುವುದಿಲ್ಲ.